ಬೇನೆ ತಿನ್ನುವವಳನ್ನು ಕೇಳಿದವರು ಯಾರು?

ನಮ್ಮ ನಾನಿಮಾ ಅವರ ಮನೆಯ ಗೋಡೆಗೂಡಿನಲ್ಲಿ ಒಂದು ತಗಡಿನ ಡಬ್ಬಿ ಇತ್ತು. ಅದರೊಳಗೆ ಹಳೆಯ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಒಣ ಗಿಡ. ಬಿಗಿಯಾಗಿ ಮುಚ್ಚಿದ ಮುಷ್ಟಿಯಂತೆ ಮುದುಡಿಕೊಂಡಿತ್ತು. ಹಜ್‌ಗೆ ಹೋಗಿ ಬಂದವರು ಯಾರೋ ತಂದುಕೊಟ್ಟದ್ದು. ‘ಮರಿಯಂ ಕಾ ಪಂಜಾ’, ಅಂದರೆ ಮರಿಯಮರ ಹಸ್ತ ಎಂದು ಅದರ ಹೆಸರು. ಮೊಹಲ್ಲಾದಲ್ಲಿ ಯಾರಿಗೆ ಬೇನೆ ಶುರುವಾದರೂ ಆ ಡಬ್ಬಿ ಆ ಮನೆಗೆ ಹೋಗುತ್ತಿತ್ತು. ಬೋಗುಣಿಯ ನೀರಿನಲ್ಲಿ ಹಾಕಿದರೆ ಆ ಒಣ ಮುಷ್ಟಿ ನಿಧಾನವಾಗಿ ಬಿಚ್ಚಿಕೊಳ್ಳುತ್ತಿತ್ತು. ಅದು ಅರಳಿದ ಹಾಗೆ ಬಸುರಿಯ ಮೈಯೂ ಸಡಿಲಗೊಳ್ಳುತ್ತದೆ, ಮಗು ಸಲೀಸಾಗಿ ಹೊರಬರುತ್ತದೆ ಎಂಬುದು ಹೆಂಗಸರ ನಂಬಿಕೆ. ನಾವು ಮಕ್ಕಳು ಬಾಗಿಲ ಹೊರಗೆ ಕಿವಿಗೊಟ್ಟು ನಿಂತಿರುತ್ತಿದ್ದೆವು. ಒಳಗಿನ ಕೂಗಿನ ನಡುನಡುವೆ ನಾನಿಮಾರ ದನಿ ಕೇಳುತ್ತಿತ್ತು: “ಸಬರ್ ಕರ್ ಮಾ, ಸಬರ್ ಕರ್.” ತಾಳಿಕೋ ಮಗಳೇ, ತಾಳಿಕೋ.

ಮುಂದೆ ನಮ್ಮ ಸರದಿ ಬಂದಾಗ ನಾವು ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿದ್ದೆವು. ಅಲ್ಲಿ ಬೋಗುಣಿ ಇರಲಿಲ್ಲ, ನಾನಿಮಾ ಇರಲಿಲ್ಲ, ಅಮ್ಮೀಯನ್ನು ಒಳಗೆ ಬಿಡಲಿಲ್ಲ. ಸಾಲಾಗಿ ಹಾಕಿದ ಕಬ್ಬಿಣದ ಮೇಜುಗಳು. ಪಕ್ಕದ ಮೇಜಿನ ಮೇಲೆ ಚೊಚ್ಚಲ ಬಸುರಿಯೊಬ್ಬಳು ತಾಯಿಯನ್ನು ಕರೆದು ಕೂಗಿದಾಗ, ಬರೆಯಲು ಸಂಕೋಚವಾಗುವ ಬೈಗುಳವೊಂದು ಅವಳ ಮೇಲೆ ಬಿತ್ತು. ‘ಆವಾಗ ಗೊತ್ತಾಗಲಿಲ್ವಾ, ಈಗ ಯಾಕೆ ಕೂಗ್ತೀಯ’ ಎಂಬ ಅರ್ಥದ ಆ ಮಾತನ್ನು ನಮ್ಮ ನಾಡಿನ ಬಹಳಷ್ಟು ತಾಯಂದಿರು ಒಂದಲ್ಲ ಒಂದು ಕಡೆ ಕೇಳಿದ್ದಾರೆ. ಆ ಹುಡುಗಿ ಸುಮ್ಮನಾದಳು. ನೋವು ಕಡಿಮೆಯಾಯಿತೆಂದಲ್ಲ, ಹೆದರಿಕೆ ಹೆಚ್ಚಾಯಿತೆಂದು.

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎನ್ನುತ್ತೇವೆ. ಆದರೆ ಆ ಮರುಹುಟ್ಟಿನ ನೋವನ್ನು ತಾಳಬೇಕೋ, ತಗ್ಗಿಸಿಕೊಳ್ಳಬಹುದೋ ಎಂಬ ಪ್ರಶ್ನೆಯನ್ನು ನೋವು ತಿನ್ನುವವಳಿಗೆ ಕೇಳಿದವರು ಚರಿತ್ರೆಯಲ್ಲಿ ಕಡಿಮೆ. ಧರ್ಮ ಬಲ್ಲವರು ಉತ್ತರ ಹೇಳಿದರು, ವೈದ್ಯರು ಹೇಳಿದರು, ಗಂಡಂದಿರು ಹೇಳಿದರು, ಅತ್ತೆಯಂದಿರು ಹೇಳಿದರು. ಈ ಉತ್ತರಗಳ ಚರಿತ್ರೆಯನ್ನು ಸ್ವಲ್ಪ ಬಿಚ್ಚಿ ನೋಡೋಣ. ಅದರ ಒಂದು ಎಳೆ ನಮ್ಮ ದಖ್ಖನಿನ ನೆಲಕ್ಕೂ ಬಂದು ಸೇರುತ್ತದೆ.

ಶಾಪವೆಂಬ ವಾದ

1591ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಯೂಫೇಮ್ ಮೆಕಾಲ್ಜಿಯನ್ ಎಂಬ ಸ್ಥಿತಿವಂತ ಹೆಂಗಸನ್ನು ಜೀವಂತ ಸುಡಲಾಯಿತು. ಆಕೆಯ ಮೇಲೆ ಮಾಟದ ಆರೋಪಗಳಿದ್ದವು. ಹೆರಿಗೆಯ ನೋವು ಕಡಿಮೆ ಮಾಡಿಕೊಳ್ಳಲು ಆಗ್ನೆಸ್ ಸ್ಯಾಂಪ್‌ಸನ್ ಎಂಬ ನಾಟಿ ವೈದ್ಯೆಯ ನೆರವು ಪಡೆದಳು ಎಂಬುದು ಅವುಗಳಲ್ಲಿ ಒಂದು. ಬೈಬಲಿನ ಆದಿಕಾಂಡದ 3ನೆಯ ಅಧ್ಯಾಯದಲ್ಲಿ ಹವ್ವಾಗೆ ಸಿಕ್ಕ ಶಿಕ್ಷೆಯಾಗಿ ಪ್ರಸವವೇದನೆಯ ಮಾತು ಬರುತ್ತದೆ. ಆದ್ದರಿಂದ ನೋವು ತಗ್ಗಿಸುವುದು ದೈವಸಂಕಲ್ಪಕ್ಕೆ ಅಡ್ಡಬರುವುದೆಂದು ಅಂದಿನ ಹಲವರು ತಿಳಿದಿದ್ದರು.

ಅದೇ ಎಡಿನ್‌ಬರೋದಲ್ಲಿ ಎರಡೂವರೆ ಶತಮಾನದ ನಂತರ ಜೇಮ್ಸ್ ಯಂಗ್ ಸಿಂಪ್ಸನ್ ಪ್ರಸೂತಿ ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ರೊಟ್ಟಿ ಮಾಡಿ ಮಾರುವವನ ಮಗ, 1811ರಲ್ಲಿ ಹುಟ್ಟಿದವರು. ವಿದ್ಯಾರ್ಥಿಯಾಗಿದ್ದಾಗ ಎಚ್ಚರವಿದ್ದ ಹೆಂಗಸಿನ ಸ್ತನವನ್ನು ಕತ್ತರಿಸುವ ಶಸ್ತ್ರಚಿಕಿತ್ಸೆ ನೋಡಿ ತತ್ತರಿಸಿ, ವೈದ್ಯಕೀಯವನ್ನೇ ಬಿಟ್ಟುಬಿಡಲು ಹೊರಟಿದ್ದರಂತೆ. 1846ರ ಅಕ್ಟೋಬರಿನಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಈಥರ್ ಮೂಸಿಸಿ ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿದ ಸುದ್ದಿ ಬಂದಾಗ ಸಿಂಪ್ಸನ್ ಸುಮ್ಮನೆ ಕೂರಲಿಲ್ಲ. 1847ರ ಜನವರಿ 19ರಂದು ಸೊಂಟದ ಎಲುಬು ವಿಕಾರಗೊಂಡಿದ್ದ ಹೆಂಗಸೊಬ್ಬಳಿಗೆ ಹೆರಿಗೆಯಲ್ಲಿ ಈಥರ್ ಕೊಟ್ಟರು. ತಾಯಿಗೆ ನೋವು ತಿಳಿಯದಿದ್ದರೂ ಗರ್ಭಕೋಶ ತನ್ನ ಕೆಲಸವನ್ನು ತಾನು ಮಾಡುತ್ತಲೇ ಇತ್ತು. ನೋವು ಬೇರೆ, ಹೆರುವ ಶಕ್ತಿ ಬೇರೆ ಎಂಬುದು ಅಂದು ಕಣ್ಣಿಗೆ ಬಿದ್ದ ದೊಡ್ಡ ಸತ್ಯ.

ಈಥರಿಗೆ ಕೆಟ್ಟ ವಾಸನೆ, ಕೆಮ್ಮು ಬರಿಸುತ್ತಿತ್ತು. ಇನ್ನೂ ಒಳ್ಳೆಯದು ಸಿಕ್ಕೀತೆಂದು ಸಿಂಪ್ಸನ್ ಮತ್ತು ಅವರ ಇಬ್ಬರು ಸಹಾಯಕರು ರಾತ್ರಿ ಊಟವಾದ ಮೇಲೆ ಒಂದೊಂದೇ ದ್ರವವನ್ನು ತಾವೇ ಮೂಸಿ ನೋಡುತ್ತಿದ್ದರು. ನವೆಂಬರ್ 4ರ ರಾತ್ರಿ ಸಿಹಿವಾಸನೆಯ ಕ್ಲೋರೋಫಾರ್ಮಿನ ಸರದಿ. ಮೊದಲು ಮೂವರಿಗೂ ಉಲ್ಲಾಸ ಬಂತು, ಮಾತು ಹೆಚ್ಚಾಯಿತು, ಆಮೇಲೆ ಮೂವರೂ ಮೇಜಿನ ಕೆಳಗೆ! ನಾಲ್ಕೇ ದಿನಗಳಲ್ಲಿ, ನವೆಂಬರ್ 8ರಂದು, ಸಿಂಪ್ಸನ್ ಅದನ್ನು ಒಬ್ಬ ಬಾಣಂತಿಗೆ ಕೊಟ್ಟರು. ಎಚ್ಚರಗೊಂಡ ತಾಯಿಗೆ ಮುಂದಿಟ್ಟ ಮಗು ತನ್ನದೇ ಎಂದು ನಂಬುವುದೇ ಕಷ್ಟವಾಯಿತೆಂದು ಅವರು ಬರೆದಿದ್ದಾರೆ.

ಧರ್ಮದ ಆಕ್ಷೇಪಕ್ಕೆ ಉತ್ತರವಾಗಿ ಸಿಂಪ್ಸನ್ ಆ ವರ್ಷದ ಡಿಸೆಂಬರಿನಲ್ಲೇ ಒಂದು ಕಿರುಹೊತ್ತಗೆ ಪ್ರಕಟಿಸಿದರು. ಅವರೂ ದೈವಭಕ್ತರೇ. ಆದ್ದರಿಂದ ಗ್ರಂಥವನ್ನು ತಳ್ಳಿಹಾಕಲಿಲ್ಲ, ಗ್ರಂಥದೊಳಗಿಂದಲೇ ವಾದಿಸಿದರು. ಹೀಬ್ರೂ ಮೂಲದ ಪದಕ್ಕೆ ಯಾತನೆ ಎನ್ನುವುದಕ್ಕಿಂತ ಶ್ರಮ, ದುಡಿಮೆ ಎಂಬ ಅರ್ಥವೇ ಹೊಂದುತ್ತದೆ ಎಂದರು. ಅದೇ ಅಧ್ಯಾಯದಲ್ಲಿ ಗಂಡಸಿಗೆ ಬೆವರು ಸುರಿಸಿ ಉಣ್ಣಬೇಕೆಂಬ ಮಾತಿದೆ, ನೆಲದಲ್ಲಿ ಮುಳ್ಳು ಬೆಳೆಯುತ್ತದೆಂಬ ಮಾತಿದೆ. ಹಾಗಾದರೆ ರೈತನು ಎತ್ತು ಕಟ್ಟುವುದು, ಕಳೆ ಕೀಳುವುದು ಪಾಪವೇ? ಗಂಡಸಿನ ಶಾಪವನ್ನು ನೇಗಿಲಿನಿಂದ ಹಗುರ ಮಾಡಿಕೊಳ್ಳುವವರು ಹೆಂಗಸಿನ ಶಾಪವನ್ನು ಮಾತ್ರ ಅಕ್ಷರಶಃ ಹಿಡಿಯುವುದು ಯಾವ ನ್ಯಾಯ? ಆದಾಮನ ಪಕ್ಕೆಲುಬು ತೆಗೆಯುವ ಮುನ್ನ ದೇವರೇ ಅವನಿಗೆ ಗಾಢನಿದ್ರೆ ಬರಿಸಿದನಲ್ಲವೇ ಎಂಬುದು ಅವರ ಕೊನೆಯ ಪೆಟ್ಟು.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಪಾದ್ರಿಗಳೆಲ್ಲ ಸಿಂಪ್ಸನ್‌ರ ಮೇಲೆ ಮುಗಿಬಿದ್ದರು ಎಂಬ ಕತೆ ಜನಪ್ರಿಯವಾಗಿದೆ. ಹಳೆಯ ಕಾಗದಪತ್ರ ಹುಡುಕಿದ ಈಚಿನ ಇತಿಹಾಸಕಾರರಿಗೆ ಅಷ್ಟೊಂದು ವಿರೋಧ ಸಿಕ್ಕಿಲ್ಲ. ಗಟ್ಟಿಯಾದ ವಿರೋಧ ಬಂದದ್ದು ವೈದ್ಯರಿಂದಲೇ. ಅಮೆರಿಕದ ಫಿಲಡೆಲ್ಫಿಯಾದ ಹೆಸರಾಂತ ಪ್ರಸೂತಿ ವೈದ್ಯ ಚಾರ್ಲ್ಸ್ ಮೇಗ್ಸ್ ಹೆರಿಗೆಯ ನೋವು ಜೀವಶಕ್ತಿಯ ಲಕ್ಷಣ, ಅದು ಇರುವುದೇ ಒಳ್ಳೆಯದು ಎಂದು ವಾದಿಸಿದರು. ನೋವಿಗೆ ಗ್ರಂಥದ ಬೆಂಬಲ ಸಿಗದಿದ್ದಾಗ ಪ್ರಕೃತಿಯ ಬೆಂಬಲ ಹುಡುಕಲಾಯಿತು.

ಆದರೆ ವಿರೋಧಿಸಿದವರೆಲ್ಲ ಕಟುಕರೆಂದು ತಿಳಿಯುವುದೂ ತಪ್ಪಾದೀತು. 1848ರ ಜನವರಿ 28ರಂದು ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿ ಹಾನ್ನಾ ಗ್ರೀನರ್ ಎಂಬ 15 ವರ್ಷದ ಹುಡುಗಿ ಕಾಲಿನ ಉಗುರು ತೆಗೆಸಿಕೊಳ್ಳಲು ಕ್ಲೋರೋಫಾರ್ಮ್ ಮೂಸಿ ಕೆಲವೇ ನಿಮಿಷಗಳಲ್ಲಿ ಸತ್ತುಹೋದಳು. ಆ ಹುಡುಗಿ ಮೊದಲೇ ಬಹಳ ಹೆದರಿದ್ದಳೆಂದು ದಾಖಲೆಯಿದೆ. ಈ ಹೆದರಿಕೆಯ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಅದು ಬೇಕಾಗುತ್ತದೆ.

ರಾಣಿಗೊಂದು, ಗುಲಾಮಳಿಗೊಂದು

1853ರ ಏಪ್ರಿಲ್ 7ರಂದು ವಿಕ್ಟೋರಿಯಾ ರಾಣಿ ತನ್ನ ಎಂಟನೆಯ ಮಗು ಲಿಯೋಪೋಲ್ಡನನ್ನು ಹೆತ್ತಾಗ ವೈದ್ಯ ಜಾನ್ ಸ್ನೋ ಕರವಸ್ತ್ರದ ಮೇಲೆ ಸ್ವಲ್ಪ ಸ್ವಲ್ಪವೇ ಕ್ಲೋರೋಫಾರ್ಮ್ ಹನಿಸಿ 53 ನಿಮಿಷಗಳ ಕಾಲ ಮೂಸಿಸಿದರು. ಮರುವರ್ಷ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನಿಂದ ಕಾಲರಾ ಹರಡುತ್ತಿದೆ ಎಂದು ತೋರಿಸಿದವರೂ ಇದೇ ಸ್ನೋ. ರಾಣಿಗೆ ಎಚ್ಚರ ತಪ್ಪಲಿಲ್ಲ, ನೋವು ಮಾತ್ರ ಹಿಂದೆ ಸರಿಯಿತು. ಆಕೆಗೆ ಬಹಳ ಹಿತವೆನಿಸಿತು. 1857ರಲ್ಲಿ ಒಂಬತ್ತನೆಯ ಹೆರಿಗೆಗೂ ಸ್ನೋ ಅವರನ್ನೇ ಕರೆಸಿದಳು. ಇಂಗ್ಲೆಂಡಿನ ಚರ್ಚಿಗೆ ಮುಖ್ಯಸ್ಥೆಯಾಗಿದ್ದ ಹೆಂಗಸೇ ಪಡೆದ ಮೇಲೆ ಶಾಪದ ವಾದಕ್ಕೆ ಬೆಲೆ ಉಳಿಯಲಿಲ್ಲ. ಸಿರಿವಂತರ ಮನೆಗಳಲ್ಲಿ ಕ್ಲೋರೋಫಾರ್ಮ್ ಅಂತಸ್ತಿನ ಗುರುತಾಯಿತು.

ಅದೇ ಕಾಲದಲ್ಲಿ ಸಮುದ್ರದ ಆಚೆ ಅಮೆರಿಕದ ಅಲಬಾಮಾದಲ್ಲಿ ಬೇರೆಯೇ ಒಂದು ಕತೆ ನಡೆದಿತ್ತು. ದಿನಗಟ್ಟಲೆ ಹೆರಿಗೆಯಾಗದೆ ಒಳಗೆ ಗಾಯವಾಗಿ ಮೂತ್ರ ಸೋರುತ್ತಿದ್ದ ಹೆಂಗಸರ ಮೇಲೆ ವೈದ್ಯ ಮೇರಿಯನ್ ಸಿಮ್ಸ್ 1845ರಿಂದ 1849ರವರೆಗೆ ಶಸ್ತ್ರಚಿಕಿತ್ಸೆಯ ಪ್ರಯೋಗ ಮಾಡಿದರು. ಆ ಹೆಂಗಸರು ಕಪ್ಪು ಗುಲಾಮರು. ಅನಾರ್ಕಾ, ಬೆಟ್ಸಿ, ಲೂಸಿ ಎಂಬ ಮೂರು ಹೆಸರು ಮಾತ್ರ ನಮಗೆ ಉಳಿದಿವೆ. ಅರಿವಳಿಕೆಯ ಸುದ್ದಿ ಲೋಕಕ್ಕೆಲ್ಲ ಹಬ್ಬಿದ ಮೇಲೂ ಅವರಿಗೆ ಅರಿವಳಿಕೆ ಸಿಗಲಿಲ್ಲ. ಸಿಮ್ಸ್ ಅವರ ಪ್ರತಿಮೆಯನ್ನು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಿಂದ ಇಳಿಸಿದ್ದು 2018ರಲ್ಲಿ.

ದುಡಿಯುವ ಹೆಂಗಸಿಗೆ, ಕಪ್ಪು ಹೆಂಗಸಿಗೆ, ಹಳ್ಳಿಯ ಹೆಂಗಸಿಗೆ ಹೆರಿಗೆ ಅಷ್ಟೇನೂ ನೋವಾಗುವುದಿಲ್ಲ ಎಂಬ ನಂಬಿಕೆ ಆ ಶತಮಾನದ ವೈದ್ಯರಲ್ಲಿ ದಟ್ಟವಾಗಿತ್ತು. ಅದು ಇಂದಿಗೂ ಸತ್ತಿಲ್ಲ. ‘ಹೊಲದಲ್ಲಿ ಕಳೆ ಕೀಳುತ್ತಲೇ ಹೆತ್ತು ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಬಂದಳು’ ಎಂದು ನಾವು ಹೆಮ್ಮೆಯಿಂದ ಹೇಳುವ ಕತೆಗಳಲ್ಲಿ ಆ ಹೆಂಗಸು ಏನೆಂದಳು ಎಂಬುದು ಎಂದೂ ಇರುವುದಿಲ್ಲ.

ಹೈದರಾಬಾದಿನ ಕೊಂಡಿ

ಎಡಿನ್‌ಬರೋದ ಬಾಟಲಿ ನಮ್ಮ ಕಡೆಗೆ ಬಂದದ್ದು ಹೀಗೆ. ಕಲಬುರಗಿ, ಬೀದರ್, ರಾಯಚೂರು ಆಗ ಹೈದರಾಬಾದ್ ಸಂಸ್ಥಾನದ ಭಾಗ. ಹೈದರಾಬಾದಿನಲ್ಲಿ 1846ರಷ್ಟು ಹಿಂದೆಯೇ ಒಂದು ವೈದ್ಯಕೀಯ ಶಾಲೆ ತೆರೆದಿತ್ತು. ಅಲ್ಲಿ ಪಾಶ್ಚಾತ್ಯ ವೈದ್ಯವನ್ನು ಹಲವು ದಶಕ ಉರ್ದುವಿನಲ್ಲೇ ಕಲಿಸಲಾಯಿತು. ಮುಂದೆ ಆ ಶಾಲೆಯ ಹೊಣೆ ಹೊತ್ತ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ ಎಡಿನ್‌ಬರೋದಲ್ಲಿ ಕಲಿತವರು, ಕ್ಲೋರೋಫಾರ್ಮಿನ ಕಟ್ಟಾ ಬೆಂಬಲಿಗರು. ಕ್ಲೋರೋಫಾರ್ಮಿನಿಂದ ಸಾಯುವವರಿಗೆ ಮೊದಲು ನಿಲ್ಲುವುದು ಉಸಿರು, ಹೃದಯವಲ್ಲ. ಆದ್ದರಿಂದ ಉಸಿರಿನ ಮೇಲೆ ಕಣ್ಣಿಟ್ಟರೆ ಸಾವೇ ಬರದು ಎಂಬುದು ಅವರ ವಾದ.

ಇದನ್ನು ಪರೀಕ್ಷಿಸಲು 1888ರಲ್ಲಿ ಮೊದಲ ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗ ಕೂತಿತು. ಅದರ ತೀರ್ಮಾನವನ್ನು ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಒಪ್ಪಲಿಲ್ಲ. ಆಗ ನಿಜಾಮ್ ಮೀರ್ ಮಹಬೂಬ್ ಅಲಿ ಖಾನ್ ಸಾವಿರ ಪೌಂಡ್ ಕೊಟ್ಟು, ನೀವೇ ಒಬ್ಬ ವಿಜ್ಞಾನಿಯನ್ನು ಕಳಿಸಿ ಪರೀಕ್ಷಿಸಿ ಎಂದು ಆ ಪತ್ರಿಕೆಯನ್ನೇ ಆಹ್ವಾನಿಸಿದರು. 1889ರಲ್ಲಿ ಲಾಡರ್ ಬ್ರಂಟನ್ ಹಡಗು ಹತ್ತಿ ಬಂದರು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಯಿತು. ಎರಡನೆಯ ಆಯೋಗವೂ ಲಾರಿ ಅವರ ಮಾತನ್ನೇ ಎತ್ತಿಹಿಡಿಯಿತು. ಅರಿವಳಿಕೆಯ ಬಗ್ಗೆ ಜಗತ್ತಿನಲ್ಲಿ ಅಷ್ಟು ದೊಡ್ಡ ಪ್ರಮಾಣದಲ್ಲಿ ನಡೆದ ಮೊದಲ ಪ್ರಯೋಗಗಳಲ್ಲಿ ಇದೊಂದು. ನಡೆದದ್ದು ದಖ್ಖನಿನಲ್ಲಿ, ಇಪ್ಪತ್ತಮೂರು ವರ್ಷದ ನಿಜಾಮನ ಹಣದಲ್ಲಿ.

ನಮ್ಮ ಮಟ್ಟಿಗೆ ಆಯೋಗಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಆ ಶಾಲೆಗೆ 1885ರಲ್ಲಿ ಸೇರಿದ ಮೊದಲ ವಿದ್ಯಾರ್ಥಿನಿಯರಲ್ಲಿ ರೂಪಾಬಾಯಿ ಫರ್ದೂನ್‌ಜಿ ಎಂಬ ಪಾರ್ಸಿ ಯುವತಿ ಇದ್ದರು. ‘ಹಕೀಮ್’ ಪದವಿ ಪಡೆದು, ಆಯೋಗದ ಕೆಲಸದಲ್ಲೂ ನೆರವಾಗಿ, ಹೈದರಾಬಾದಿನ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ಕ್ಲೋರೋಫಾರ್ಮ್ ಕೊಡುವ ವೈದ್ಯೆಯಾಗಿ ದುಡಿದರು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ವೈದ್ಯೆ ಎಂದು ಅವರನ್ನು ಹಲವರು ಗುರುತಿಸುತ್ತಾರೆ. ಪರದೆಯ ಹೆಂಗಸರು ಪರಪುರುಷನ ಮುಂದೆ ನಾಡಿ ಹಿಡಿಸಿಕೊಳ್ಳಲೂ ಹಿಂಜರಿಯುತ್ತಿದ್ದ ಆ ದಿನಗಳಲ್ಲಿ, ಎಚ್ಚರ ತಪ್ಪುವ ಗಳಿಗೆಯಲ್ಲಿ ತಲೆಯ ಬಳಿ ನಿಂತ ವೈದ್ಯರು ಹೆಣ್ಣು ಎಂಬುದು ಎಷ್ಟು ದೊಡ್ಡ ಧೈರ್ಯವಾಗಿರಬೇಕು! 1909ರಲ್ಲಿ ರೂಪಾಬಾಯಿ ಹೆಚ್ಚಿನ ಓದಿಗೆ ಹೋದದ್ದು ಎಡಿನ್‌ಬರೋಗೇ.

ಲಾರಿ ಅವರ ಸಿದ್ಧಾಂತ ಮಾತ್ರ ಕೊನೆಗೆ ತಪ್ಪೆಂದು ಸಾಬೀತಾಯಿತು. ಇಂಗ್ಲೆಂಡಿನ ಗುಡ್‌ಮನ್ ಲೆವಿ 1911ರಲ್ಲಿ ಪ್ರಯೋಗ ಮಾಡಿ ತೋರಿಸಿದಂತೆ, ಕ್ಲೋರೋಫಾರ್ಮ್ ಹೃದಯವನ್ನೇ ಏಕಾಏಕಿ ನಿಲ್ಲಿಸಬಲ್ಲದು. ಅದೂ ಮಂಪರು ಅರೆಬರೆಯಾಗಿದ್ದಾಗ, ಮೈಯಲ್ಲಿ ಅಡ್ರಿನಲಿನ್ ಉಕ್ಕಿದ್ದಾಗ. ಅಡ್ರಿನಲಿನ್ ಎಂದರೆ ಹೆದರಿದಾಗ ರಕ್ತಕ್ಕೆ ಹರಿಯುವ ರಸ. ಹೆದರಿ ನಡುಗುತ್ತಿದ್ದ ಹದಿನೈದರ ಹಾನ್ನಾ ಗ್ರೀನರ್ ಹಾಗೆಯೇ ಸತ್ತಿರಬಹುದೆಂದು ಆಮೇಲೆ ಹಲವರು ಊಹಿಸಿದರು.

ಭಯವೆಂಬ ಎರಡನೆಯ ನೋವು

ಭಯ ಬರಿಯ ಮನಸ್ಸಿನ ಮಾತಲ್ಲ, ಮೈಯ ಮಾತೂ ಹೌದು ಎಂಬುದು ಹೆರಿಗೆ ಕೋಣೆಯಲ್ಲಿ ಬೇರೊಂದು ದಾರಿಯಿಂದ ತಿಳಿಯಿತು. ಇಂಗ್ಲೆಂಡಿನ ವೈದ್ಯ ಗ್ರಾಂಟ್ಲಿ ಡಿಕ್-ರೀಡ್ ಲಂಡನ್ನಿನ ಬಡಕೇರಿಯಲ್ಲಿ ಹೆರಿಗೆ ಮಾಡಿಸುತ್ತಿದ್ದಾಗ ಒಬ್ಬ ಹೆಂಗಸು ಕ್ಲೋರೋಫಾರ್ಮ್ ಬೇಡವೆಂದಳು, ಹೆಚ್ಚು ಗದ್ದಲವಿಲ್ಲದೆ ಹೆತ್ತಳು. ಯಾಕೆ ಬೇಡವೆಂದೆ ಎಂದು ಕೇಳಿದರೆ, ನೋವಾಗಲಿಲ್ಲವಲ್ಲ ಎಂದಳಂತೆ. ಹೆದರಿದವಳ ಮೈ ಬಿಗಿಯುತ್ತದೆ, ಬಿಗಿದ ಮೈಯಲ್ಲಿ ನೋವು ಹೆಚ್ಚುತ್ತದೆ, ನೋವು ಇನ್ನಷ್ಟು ಹೆದರಿಸುತ್ತದೆ ಎಂಬ ವಿಚಾರವನ್ನು ಅವರು 1933ರ ತಮ್ಮ ಪುಸ್ತಕದಲ್ಲಿ ಮುಂದಿಟ್ಟರು. ಬಸುರಿಗೆ ಮೊದಲೇ ತಿಳಿಹೇಳಿ, ಅವಳನ್ನು ಒಂಟಿಯಾಗಿ ಬಿಡದಿದ್ದರೆ ಈ ಕೊಂಡಿ ಕಳಚುತ್ತದೆ ಎಂದರು. ಇದೇ ಜಾಡಿನಲ್ಲಿ ಸೋವಿಯತ್ ರಷ್ಯಾದ ವೈದ್ಯರು ಉಸಿರಾಟದ ತರಬೇತಿ ರೂಪಿಸಿದರು. ಅದನ್ನು ನೋಡಿ ಬಂದ ಫ್ರಾನ್ಸಿನ ಫೆರ್ನಾಂಡ್ ಲಮಾಜ್ 1950ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಅದನ್ನು ಬಳಕೆಗೆ ತಂದರು. 1956ರ ಜನವರಿಯಲ್ಲಿ ಪೋಪ್ ಹನ್ನೆರಡನೆಯ ಪಯಸ್, ನೋವಿಲ್ಲದ ಹೆರಿಗೆಯ ವಿಧಾನಕ್ಕೆ ಧರ್ಮದ ಅಡ್ಡಿಯಿಲ್ಲ ಎಂದು ಸಾರಿದರು.

ಆದರೆ ಡಿಕ್-ರೀಡ್‌ರ ಮಾತಿಗೂ ಒಂದು ಮುಳ್ಳಿತ್ತು. ಹೆದರದಿದ್ದರೆ ನೋವಿಲ್ಲ ಎಂದರೆ, ನೋವಾಗಿ ಕೂಗಿದವಳು ಹೇಡಿ ಎಂದಾಯಿತು. ಮೊದಲು ನೋವು ಹವ್ವಾಳ ತಪ್ಪಾಗಿತ್ತು, ಈಗ ಹೆರುವವಳ ತಪ್ಪಾಯಿತು.

ಇದಕ್ಕೆ ತೀರ ವಿರುದ್ಧ ದಿಕ್ಕಿನಲ್ಲಿ ನಡೆದ ಇನ್ನೊಂದು ಪ್ರಸಂಗವಿದೆ. ಜರ್ಮನಿಯ ಫ್ರೈಬುರ್ಗ್ ಊರಿನ ವೈದ್ಯರು 1906ರ ಸುಮಾರಿಗೆ ಮಾರ್ಫಿನ್ ಮತ್ತು ಸ್ಕೋಪೋಲಮಿನ್ ಎಂಬ ಎರಡು ಔಷಧಿ ಬೆರೆಸಿ ‘ಮುಸ್ಸಂಜೆ ನಿದ್ದೆ’ ಎಂಬ ವಿಧಾನ ತಂದರು. 1914ರಲ್ಲಿ ಅಮೆರಿಕದ ಹೆಂಗಸರು ಇದು ನಮಗೂ ಬೇಕೆಂದು ಸಂಘ ಕಟ್ಟಿ ಹೋರಾಡಿದರು. ಮತದಾನದ ಹಕ್ಕಿಗೆ ಹೋರಾಡುತ್ತಿದ್ದವರೂ ಇದರಲ್ಲಿದ್ದರು. ನೋವು ತಗ್ಗಿಸಿಕೊಳ್ಳುವುದು ಹೆಣ್ಣಿನ ಹಕ್ಕು ಎಂಬ ಕೂಗು ಸಾರ್ವಜನಿಕವಾಗಿ ಎದ್ದದ್ದು ಆಗ. ಆದರೆ ಆ ಔಷಧಿ ನೋವಿಗಿಂತ ಹೆಚ್ಚಾಗಿ ನೋವಿನ ನೆನಪನ್ನು ಅಳಿಸುತ್ತಿತ್ತು. ಮಂಪರಿನಲ್ಲಿ ಹೆಂಗಸರು ಕೂಗುತ್ತಿದ್ದರು, ಹೊರಳಾಡುತ್ತಿದ್ದರು. ಅವರನ್ನು ಮಂಚಕ್ಕೆ ಕಟ್ಟಲಾಗುತ್ತಿತ್ತು. ಎದ್ದಾಗ ಏನೂ ನೆನಪಿಲ್ಲ, ಕೈಯಲ್ಲಿ ಮಗು. ಆ ಚಳವಳಿಯ ಮುಂದಾಳು ಶ್ರೀಮತಿ ಕಾರ್ಮೊಡಿ 1915ರಲ್ಲಿ ಹೆರಿಗೆಯಲ್ಲೇ ತೀರಿಕೊಂಡ ಮೇಲೆ ಚಳವಳಿ ಸೊರಗಿತು, ಔಷಧಿ ಮಾತ್ರ ಅಮೆರಿಕದ ಆಸ್ಪತ್ರೆಗಳಲ್ಲಿ ದಶಕಗಳ ಕಾಲ ಉಳಿಯಿತು. 1958ರಲ್ಲಿ ಅಲ್ಲಿನ ಒಂದು ಮಹಿಳಾ ಪತ್ರಿಕೆ ಹೆರಿಗೆ ವಾರ್ಡುಗಳ ಕ್ರೌರ್ಯದ ಬಗ್ಗೆ ತಾಯಂದಿರ ಪತ್ರಗಳನ್ನು ಪ್ರಕಟಿಸಿದಾಗ, ಕೈಕಾಲು ಕಟ್ಟಿಸಿಕೊಂಡವರ ಮಾತು ಮೊದಲ ಬಾರಿಗೆ ಮನೆಮನೆಗೆ ಮುಟ್ಟಿತು.

ತಾಳಿಕೋ ಎಂದು ಒಂಟಿಯಾಗಿ ಬಿಡುವುದೂ, ಕೇಳದೆ ಮಂಪರು ಬರಿಸಿ ಕಟ್ಟಿಹಾಕುವುದೂ ನಮಗೆ ಬೇರೆಬೇರೆಯಾಗಿ ಕಾಣುವುದಿಲ್ಲ. ಎರಡರಲ್ಲೂ ಹೆರುವವಳು ತನ್ನ ಹೆರಿಗೆಗೆ ಹೊರಗಿನವಳು.

ನಮ್ಮ ಮನೆಗಳಲ್ಲಿ

ನಮ್ಮಲ್ಲಿ ಶಾಪದ ಕತೆಯಿಲ್ಲ ಎಂದು ಮುಸ್ಲಿಮರು ಹೆಮ್ಮೆಪಡಬಹುದು. ಕುರ್‌ಆನಿನಲ್ಲಿ ತಪ್ಪು ಆದಮ್ ಮತ್ತು ಹವ್ವಾ ಇಬ್ಬರದ್ದೂ, ಕ್ಷಮೆಯೂ ಇಬ್ಬರಿಗೂ. ಹೆರಿಗೆಯ ನೋವು ಹೆಣ್ಣಿಗೆ ದಂಡನೆ ಎಂಬ ಮಾತು ಅಲ್ಲಿಲ್ಲ. ತಾಯಿ ನಿತ್ರಾಣದ ಮೇಲೆ ನಿತ್ರಾಣ ಸಹಿಸಿ ಹೊತ್ತಳೆಂಬ ಮಾತು ಬರುವುದು ಮಕ್ಕಳು ಅವಳ ಋಣ ಮರೆಯಬಾರದೆಂದು. ಪ್ರತಿಯೊಂದು ಕಾಯಿಲೆಗೂ ಅಲ್ಲಾಹನು ಮದ್ದು ಇಳಿಸಿದ್ದಾನೆ ಎಂಬ ಹದೀಸ್ ಚಿಕ್ಕ ಮಕ್ಕಳಿಗೂ ಗೊತ್ತು. ಎರಡು ದಾರಿಗಳ ಮುಂದೆ ನಿಂತಾಗ, ಪಾಪವಲ್ಲದಿದ್ದರೆ ಪ್ರವಾದಿಯವರು ಸುಲಭದ್ದನ್ನೇ ಆರಿಸಿಕೊಳ್ಳುತ್ತಿದ್ದರೆಂದು ಹಜ್ರತ್ ಆಯಿಶಾ ಹೇಳಿದ್ದಾರೆ. ಬಸುರಿಗೆ, ಹಾಲೂಡುವವಳಿಗೆ ರಂಜಾನಿನ ಉಪವಾಸದಲ್ಲೇ ವಿನಾಯಿತಿ ಇದೆ. ಸಾವಿರ ವರ್ಷದ ಹಿಂದೆ ಇಬ್ನ್ ಸೀನಾ ನೋವು ತಗ್ಗಿಸುವ ಮದ್ದುಗಳನ್ನು ಪಟ್ಟಿ ಮಾಡಿದರು. ಆಂದಲೂಸಿಯಾದ ಅಲ್-ಜಹ್ರಾವಿ ಕಷ್ಟದ ಹೆರಿಗೆಯ ಉಪಕರಣಗಳನ್ನು ಚಿತ್ರ ಬರೆದು ವಿವರಿಸಿದರು.

ಇಷ್ಟಿದ್ದೂ ನಮ್ಮ ಮನೆಗಳಲ್ಲಿ ನಡೆಯುವುದು ಏನು? ‘ಸಬರ್’ ಎಂಬ ದೊಡ್ಡ ಮಾತನ್ನು ಹೆಣ್ಣಿನ ಬಾಯಿ ಮುಚ್ಚಿಸಲು ಬಳಸುತ್ತೇವೆ. ಹೆರಿಗೆಯಲ್ಲಿ ಸತ್ತವಳಿಗೆ ಶಹೀದರ ಸ್ಥಾನ ಎನ್ನುತ್ತೇವೆ. ನಿಜ, ಅದು ಕಳೆದುಕೊಂಡವರಿಗೆ ಸಾಂತ್ವನ. ಆದರೆ ಅದನ್ನು ನೋವು ತಿನ್ನುತ್ತಿರುವವಳ ಕಿವಿಯಲ್ಲಿ ಹೇಳಿದರೆ ಸಾಂತ್ವನವಾಗುತ್ತದೆಯೇ? ತಪ್ಪಿಸಲಾಗದ ನೋವನ್ನು ತಾಳುವುದು ಸಬರ್. ತಪ್ಪಿಸಬಹುದಾದ ನೋವನ್ನು ಇನ್ನೊಬ್ಬರ ಮೇಲೆ ಹೊರಿಸುವುದಕ್ಕೆ ಬೇರೆ ಹೆಸರಿದೆ. ಈ ಮಾತು ಮುಸ್ಲಿಮರಿಗೆ ಮಾತ್ರ ಅಲ್ಲ. ನಮ್ಮ ನೆರೆಮನೆಯ ಗೌಡತಿಯೂ, ಶೆಟ್ಟರ ಸೊಸೆಯೂ ತಮ್ಮ ತಮ್ಮ ಭಾಷೆಯಲ್ಲಿ ಇದನ್ನೇ ಕೇಳಿಕೊಂಡು ಹೆತ್ತವರು.

ಇಂದು ದಾರಿಗಳು ಹಲವಿವೆ. ಓಡಾಡುವುದು, ಬೆನ್ನು ನೀವಿಸಿಕೊಳ್ಳುವುದು, ಬಿಸಿನೀರಿನ ಶಾಖ, ಉಸಿರಿನ ಹದ, ಜೊತೆಗೊಬ್ಬರು ಇರುವುದು ಮೊದಲನೆಯವು. ಬೇಕೆಂದಾಗ ತಾಯಿ ತಾನೇ ಹಿಡಿದು ಎಳೆದುಕೊಳ್ಳುವ ಅನಿಲ ಇನ್ನೊಂದು. ನೋವಿನ ಚುಚ್ಚುಮದ್ದು ಮತ್ತೊಂದು. ಅದು ತೂಕಡಿಕೆ ಬರಿಸುತ್ತದೆ, ಹೆರಿಗೆಗೆ ತೀರ ಹತ್ತಿರ ಕೊಟ್ಟರೆ ಮಗುವಿನ ಉಸಿರನ್ನು ನಿಧಾನ ಮಾಡಬಹುದು. ಇವೆಲ್ಲಕ್ಕಿಂತ ಪರಿಣಾಮಕಾರಿಯಾದದ್ದು ಎಪಿಡ್ಯೂರಲ್. ಬೆನ್ನಿನ ಕೆಳಭಾಗದಲ್ಲಿ ಕೂದಲಿನಂಥ ಸಣ್ಣ ಕೊಳವೆ ಇಟ್ಟು, ಬೆನ್ನುಹುರಿಯ ಪೊರೆಯ ಹೊರಗೆ ಮದ್ದು ಹನಿಸುತ್ತಾರೆ. ತಾಯಿಗೆ ಎಚ್ಚರವಿರುತ್ತದೆ. ಅದಕ್ಕೂ ತೊಂದರೆಗಳುಂಟು. ರಕ್ತದೊತ್ತಡ ಇಳಿಯಬಹುದು, ಜ್ವರ, ತುರಿಕೆ ಬರಬಹುದು, ಮುಕ್ಕುವ ಹಂತ ಉದ್ದವಾಗಬಹುದು, ಅಪರೂಪಕ್ಕೆ ಕೆಲವರಿಗೆ ತೀವ್ರ ತಲೆನೋವು ಬರುತ್ತದೆ. ಆದರೆ ಅದರಿಂದ ಜೀವನಪೂರ್ತಿ ಸೊಂಟನೋವು, ಅದರಿಂದ ಸಿಸೇರಿಯನ್ ಗ್ಯಾರಂಟಿ ಎಂಬ ಮಾತುಗಳಿಗೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ನೋವು ತಗ್ಗಿಸಬೇಕೆಂದು ಕೇಳುವ ಆರೋಗ್ಯವಂತ ಬಸುರಿಗೆ ಎಪಿಡ್ಯೂರಲ್ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಶಿಫಾರಸು ಮಾಡಿತು. ಜೊತೆಗೆ ಆಕೆ ಆರಿಸಿದ ಒಬ್ಬರು ಪಕ್ಕದಲ್ಲಿರಬೇಕೆಂದೂ ಹೇಳಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ವೇಳೆ ಜೊತೆಗಾತಿಯನ್ನು ಬಿಡಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಒಪ್ಪಿತ್ತು.

ಕಾಗದದ ಮೇಲಿನ ಮಾತಿಗೂ ಕಬ್ಬಿಣದ ಮೇಜಿಗೂ ನಡುವೆ ಬಹಳ ದೂರವಿದೆ. ಸಿಸೇರಿಯನ್‌ಗೇ ಅರಿವಳಿಕೆ ತಜ್ಞರು ಸಿಗದ ತಾಲೂಕು ಆಸ್ಪತ್ರೆಗಳಲ್ಲಿ ಎಪಿಡ್ಯೂರಲ್ ಕೇಳುವುದು ಹೇಗೆ? ಖಾಸಗಿ ಆಸ್ಪತ್ರೆಯಲ್ಲಿ ಕೇಳಿದರೆ ಕಿಸೆ ನೋಡಿಕೊಳ್ಳಬೇಕು. ನೋವಿನ ಭಯಕ್ಕೆ ಬೇರೆ ದಾರಿ ಕಾಣದೆ ಸಿಸೇರಿಯನ್ನನ್ನೇ ಬೇಡಿಕೊಳ್ಳುವ ಹುಡುಗಿಯರನ್ನು ನಾವು ಬಲ್ಲೆವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ. 21.5ರಷ್ಟು, ಕರ್ನಾಟಕದಲ್ಲಿ ಶೇ. 31.5ರಷ್ಟು ಹೆರಿಗೆಗಳು ಸಿಸೇರಿಯನ್. ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ. 14.3 ಇದ್ದರೆ ಖಾಸಗಿಯಲ್ಲಿ ಶೇ. 47.4. ಇದಕ್ಕೆ ಕಾರಣಗಳು ಹಲವು, ಆಸ್ಪತ್ರೆಯ ಅನುಕೂಲವೂ ಹಣವೂ ಅದರಲ್ಲಿವೆ. ಆದರೆ ಯಾರೂ ಮಾತಾಡಿ ಕಳೆಯದ ಭಯವೂ ಒಂದು ಕಾರಣ ಎಂಬುದರಲ್ಲಿ ನಮಗೆ ಅನುಮಾನವಿಲ್ಲ.

ಆದ್ದರಿಂದ ಮಾತು ಶುರುವಾಗಬೇಕಾದದ್ದು ಬೇನೆ ಬಂದ ಮೇಲೆ ಅಲ್ಲ, ಏಳನೆಯ ತಿಂಗಳಲ್ಲಿ. ಈ ಆಸ್ಪತ್ರೆಯಲ್ಲಿ ನೋವು ತಗ್ಗಿಸಲು ಏನೇನಿದೆ? ರಾತ್ರಿ ಹೊತ್ತೂ ಸಿಗುತ್ತದೆಯೇ? ಖರ್ಚೆಷ್ಟು? ಜೊತೆಗೆ ಯಾರನ್ನು ಬಿಡುತ್ತೀರಿ? ಇಷ್ಟನ್ನು ಕೇಳಲು ನಾಚಿಕೆ ಬೇಡ. ಉತ್ತರ ಹೇಳಬೇಕಾದವಳು ಬಸುರಿಯೇ. ಪ್ರಾಯಕ್ಕೆ ಬಂದ, ಬುದ್ಧಿ ಸ್ಥಿಮಿತದಲ್ಲಿರುವ ರೋಗಿಯ ಪರವಾಗಿ ಅವಳ ತಾಯಿಯ ಒಪ್ಪಿಗೆ ಪಡೆದದ್ದು ಸಾಲದು ಎಂದು ಸುಪ್ರೀಂ ಕೋರ್ಟ್ 2008ರ ಒಂದು ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ತಾಯಿಯ ಒಪ್ಪಿಗೆಯೇ ಸಾಲದೆಂದ ಮೇಲೆ ಅತ್ತೆಯ ಗೊಣಗಾಟ ಎಲ್ಲಿ ನಿಲ್ಲುತ್ತದೆ?

ಈಚೆಗೆ ನಮ್ಮ ಕುಟುಂಬದಲ್ಲಿ ಇಬ್ಬರು ಹುಡುಗಿಯರಿಗೆ ಕೆಲವೇ ತಿಂಗಳ ಅಂತರದಲ್ಲಿ ಹೆರಿಗೆಯಾಯಿತು. ಒಬ್ಬಳು ಮೊದಲೇ ಡಾಕ್ಟರಲ್ಲಿ ಮಾತಾಡಿ ಎಪಿಡ್ಯೂರಲ್ ತೆಗೆದುಕೊಂಡಳು. “ನಾವೆಲ್ಲ ಹೆರಲಿಲ್ವಾ” ಎಂದು ಖಾಲಾ ಒಬ್ಬರು ಮುಖ ತಿರುಗಿಸಿದರು. ಇನ್ನೊಬ್ಬಳು ಎಲ್ಲವನ್ನೂ ಕೇಳಿ ತಿಳಿದು, ಬೇಡ, ಅಮ್ಮೀ ಪಕ್ಕದಲ್ಲಿದ್ದರೆ ಸಾಕು, ತಡೆಯಲಾಗದಿದ್ದರೆ ಆಮೇಲೆ ಹೇಳುತ್ತೇನೆ ಎಂದಳು. ಕೊನೆಗೆ ಹೇಳಲಿಲ್ಲ. ಇಬ್ಬರಲ್ಲಿ ಯಾರು ಸರಿ ಎಂದು ಹೆಂಗಸರು ಸೇರಿದಾಗ ಇಂದಿಗೂ ವಾದ ನಡೆಯುತ್ತದೆ. ಇಬ್ಬರೂ ಸರಿ ಎಂದರೆ ಯಾರೂ ಒಪ್ಪುವುದಿಲ್ಲ.

ನಾನಿಮಾರ ಡಬ್ಬಿ ಈಗ ನಮ್ಮ ಬಳಿ ಇದೆ. ಆ ಗಿಡ ನೀರು ಹೀರಿ ಅರಳುವುದು ಅದರ ಗುಣ, ಅದಕ್ಕೂ ಹೆರಿಗೆಗೂ ಸಂಬಂಧವಿಲ್ಲ ಎಂದು ನಮಗೆ ಗೊತ್ತು. ಆದರೂ ಅದನ್ನು ಎಸೆದಿಲ್ಲ. ಅದರ ಹೆಸರಿನ ಮರಿಯಮರ ಕತೆ ನೆನಪಾಗುತ್ತದೆ. ಬೇನೆ ತಾಳಲಾರದೆ ಖರ್ಜೂರದ ಮರದ ಬುಡಕ್ಕೆ ಒರಗಿದ ಆ ಹುಡುಗಿ, ಇದಕ್ಕಿಂತ ಮೊದಲೇ ನಾನು ಸತ್ತುಹೋಗಬಾರದಿತ್ತೇ ಎಂದಳೆಂದು ಕುರ್‌ಆನ್ ಹೇಳುತ್ತದೆ. ಅಷ್ಟು ಪವಿತ್ರಳೆನಿಸಿದವಳೂ ಹಾಗೆ ಕೂಗಿದಳು. ಆಗ ಕೆಳಗಿನಿಂದ ಬಂದ ದನಿ ಅವಳನ್ನು ಗದರಲಿಲ್ಲ. ದುಃಖಿಸಬೇಡ ಎಂದಿತು. ಕಾಲಬುಡದಲ್ಲಿ ನೀರು ಹರಿಯುತ್ತಿರುವುದನ್ನು ತೋರಿಸಿತು. ಮರವನ್ನು ಅಲುಗಿಸಿದರೆ ಹಣ್ಣು ಉದುರುತ್ತದೆ, ತಿನ್ನು, ಕುಡಿ, ಕಣ್ಣು ತಂಪು ಮಾಡಿಕೋ ಎಂದಿತು.

ನಮ್ಮ ಹೆರಿಗೆ ಕೋಣೆಗಳಲ್ಲಿ ಇನ್ನೂ ಕೇಳಬೇಕಾಗಿರುವುದು ಅಂಥ ಒಂದು ದನಿ.